ನಾಣ್ಯದಿಂದ ತಿರುಗಿಸುವ ಸ್ಕ್ರೂ: ಸೀಳು ಕೆಡದಂತೆ ಬಿಚ್ಚುವ, ಬಿಗಿಯುವ ಮತ್ತು ಮನೆಯಲ್ಲಿ ಬಳಸುವ ಕ್ರಮ

ಆಟಿಕೆಯ ಬ್ಯಾಟರಿ ಗೂಡು, ವಾಷಿಂಗ್ ಮೆಷಿನ್ನಿನ ಕೆಳಬಾಗಿಲು, ಹೊಲಿಗೆ ಯಂತ್ರದ ಪಾದ, ಕ್ಯಾಮೆರಾ ಟ್ರೈಪಾಡಿನ ಪ್ಲೇಟು ಮುಂತಾದ ಹಲವು ಕಡೆ ಅಗಲವಾದ ಒಂದೇ ಸೀಳಿರುವ ಸ್ಕ್ರೂ ಇರುತ್ತದೆ. ಉಪಕರಣ ಬೇಕಿಲ್ಲ, ಜೇಬಿನಲ್ಲಿರುವ ನಾಣ್ಯವೇ ಸಾಕು ಎಂಬುದು ಅದರ ಉದ್ದೇಶ. ಆದರೂ ಎರಡನೆಯ ಅಥವಾ ಮೂರನೆಯ ಸಲ ಬಿಚ್ಚುವ ಹೊತ್ತಿಗೆ ಸೀಳಿನ ಅಂಚು ಸವೆದು, ನಾಣ್ಯ ಜಾರಿ, ಕೊನೆಗೆ ಇಕ್ಕಳ ಹಿಡಿದು ಮುಚ್ಚಳವನ್ನೇ ಮುರಿದುಕೊಂಡವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ತಪ್ಪು ಬಹುತೇಕ ಒಂದೇ ಜಾಗದಲ್ಲಿ ಆಗಿರುತ್ತದೆ: ಸೀಳಿಗೆ ಹೊಂದುವ ನಾಣ್ಯವನ್ನು ಹುಡುಕುವ ಮೊದಲೇ ತಿರುಗಿಸಲು ಶುರು ಮಾಡಿರುತ್ತಾರೆ. ಆದ್ದರಿಂದ ಈ ಬರಹದಲ್ಲಿ ತಿರುಗಿಸುವ ಕೆಲಸ ನಾಲ್ಕನೆಯ ಹಂತದಲ್ಲಿ ಬರುತ್ತದೆ. ಅದಕ್ಕಿಂತ ಮುಂಚಿನ ಮೂರು ಹಂತಗಳನ್ನು ದಾಟಿ ಹೋಗಬಾರದು.

ಬೇಕಾಗುವ ಸಾಮಗ್ರಿಗಳು

ಬೇರೆ ಬೇರೆ ದಪ್ಪದ ಮೂರು ನಾಲ್ಕು ನಾಣ್ಯಗಳು, ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಗುಂಡುಸೂಜಿ ಅಥವಾ ಹಲ್ಲುಕಡ್ಡಿ, ಬಿಳಿಯ ಬಟ್ಟೆ ಮತ್ತು ಬಿಚ್ಚಿದ ಸ್ಕ್ರೂ ಇಡಲು ಅಂಚಿರುವ ತಟ್ಟೆ ಇದ್ದರೆ ಹೆಚ್ಚಿನ ಕೆಲಸ ಮುಗಿಯುತ್ತದೆ. ಹಟ ಮಾಡುವ ಸ್ಕ್ರೂಗಳಿಗಾಗಿ ಸ್ವಲ್ಪ ವಿನೆಗರ್, ಹೊಲಿಗೆ ಯಂತ್ರದ ಎಣ್ಣೆ, ಒಂದು ದೊಡ್ಡ ಉಕ್ಕಿನ ವಾಷರ್ (ನಡುವೆ ತೂತಿರುವ ಚಪ್ಪಟೆ ಬಿಲ್ಲೆ) ಮತ್ತು ಅದನ್ನು ಹಿಡಿಯಲು ಕಟಿಂಗ್ ಪ್ಲೇಯರ್ ಇರಲಿ. ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ಚಿಲ್ಲರೆ ಬೆಲೆಗೆ ಸಿಗುವ ಆ ವಾಷರ್ ಈ ಪಟ್ಟಿಯಲ್ಲೇ ಅತ್ಯಂತ ಉಪಯುಕ್ತ ವಸ್ತು ಎಂಬುದು ನನ್ನ ಅಭಿಪ್ರಾಯ. ಅದರ ಕಾರಣ ಐದನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಯಾವ ಬಗೆಯ ಸ್ಕ್ರೂ ಎಂದು ಗುರುತಿಸಿ

ಹೊರಗಿನಿಂದ ಒಂದೇ ರೀತಿ ಕಾಣುವ ಈ ಸ್ಕ್ರೂಗಳಲ್ಲಿ ಮೂರು ಬಗೆಗಳಿವೆ. ಒಂದನ್ನು ಇನ್ನೊಂದೆಂದು ತಿಳಿದು ತಿರುಗಿಸುವುದರಿಂದಲೇ ಅರ್ಧದಷ್ಟು ಹಾನಿ ಆಗುತ್ತದೆ.

ಮೊದಲನೆಯದು ಪೂರ್ತಿ ಥ್ರೆಡ್ (ಮೈಮೇಲಿನ ಸುರುಳಿ ಗೆರೆ) ಇರುವ ಸಾಮಾನ್ಯ ಸ್ಕ್ರೂ. ಇದು ಹಲವು ಸುತ್ತು ತಿರುಗುತ್ತಾ ನಿಧಾನವಾಗಿ ಮೇಲೇಳುತ್ತದೆ. ಬ್ಯಾಟರಿ ಮುಚ್ಚಳಗಳಲ್ಲಿ ಈ ಸ್ಕ್ರೂ ಕಳೆದುಹೋಗದಿರಲೆಂದು ಅದನ್ನು ಮುಚ್ಚಳಕ್ಕೇ ಸಿಕ್ಕಿಸಿರುವುದುಂಟು. ಪೂರ್ತಿ ಸಡಿಲವಾದ ಮೇಲೂ ಹೊರಗೆ ಬಾರದಿದ್ದರೆ ಅದು ಕೆಟ್ಟಿದೆ ಎಂದಲ್ಲ, ಮುಚ್ಚಳದೊಂದಿಗೇ ಬರಬೇಕಾದದ್ದು ಎಂದು ಅರ್ಥ.

ಎರಡನೆಯದು ಕಾಲು ಸುತ್ತಿನ ಬೀಗ. ಇದರಲ್ಲಿ ಥ್ರೆಡ್ ಇರುವುದಿಲ್ಲ, ಕೆಳಗೆ ಒಂದು ಕೊಕ್ಕೆ ಮಾತ್ರ ಇರುತ್ತದೆ. 90 ಡಿಗ್ರಿ ತಿರುಗಿದ ಕೂಡಲೇ ಅದು ನಿಲ್ಲುತ್ತದೆ, ನಿಲ್ಲಲೇಬೇಕು. ಇನ್ನೂ ಸಡಿಲವಾಗಿಲ್ಲ ಎಂದುಕೊಂಡು ಮುಂದಕ್ಕೆ ತಿರುಗಿಸಿದರೆ ಕೊಕ್ಕೆ ಮುರಿಯುತ್ತದೆ. ಪಕ್ಕದಲ್ಲಿ ತೆರೆದ ಮತ್ತು ಮುಚ್ಚಿದ ಬೀಗದ ಚಿತ್ರಗಳು, ಎರಡು ಚುಕ್ಕೆಗಳು ಅಥವಾ ಬಾಗಿದ ಬಾಣದ ಗುರುತು ಇದ್ದರೆ ಈ ಬಗೆ ಇರಬಹುದೆಂದು ಎಚ್ಚರ ವಹಿಸಿ.

ಮೂರನೆಯದರಲ್ಲಿ ಮುಚ್ಚಳವೇ ಸ್ಕ್ರೂ ಆಗಿರುತ್ತದೆ. ಕೆಲವು ಪ್ಲಾಸ್ಟಿಕ್ ಕೈಗಡಿಯಾರಗಳ ಬೆನ್ನಿನಲ್ಲಿ, ಸೈಕಲ್ಲಿನ ವೇಗಮಾಪಕದ ಸೆನ್ಸರಿನಲ್ಲಿ ಕಾಣುವ ಈ ದುಂಡನೆಯ ಬಿಲ್ಲೆಯ ಕೆಳಗೆ ತೆಳುವಾದ ರಬ್ಬರ್ ಉಂಗುರ ಇರುತ್ತದೆ. ಆ ಉಂಗುರ ಎಲ್ಲಿತ್ತು, ಹೇಗೆ ಕುಳಿತಿತ್ತು ಎಂಬುದನ್ನು ಗಮನಿಸದೆ ಮುಚ್ಚಳ ತೆಗೆದರೆ ಮುಂದಿನ ಮಳೆಗೆ ಒಳಗೆ ನೀರು ಇಳಿಯುತ್ತದೆ.

ಹಂತ 2: ನಾಣ್ಯವನ್ನು ದಪ್ಪ ನೋಡಿ ಆರಿಸಿ

ಬಹಳ ಜನ ನಾಣ್ಯದ ಅಗಲ ನೋಡುತ್ತಾರೆ. ಸೀಳಿಗೆ ಮುಖ್ಯವಾದದ್ದು ದಪ್ಪ. ಸೀಳಿನೊಳಗೆ ಇಟ್ಟ ನಾಣ್ಯ ಅತ್ತಿತ್ತ ಅಲುಗಿದರೆ ಅದು ಸೀಳಿನ ಗೋಡೆಯನ್ನು ಪೂರ್ತಿಯಾಗಿ ಒತ್ತದೆ ಎರಡು ಮೂಲೆಗಳನ್ನು ಮಾತ್ರ ಒತ್ತುತ್ತದೆ. ಪ್ಲಾಸ್ಟಿಕ್ ಸ್ಕ್ರೂವಿನಲ್ಲಿ ಆ ಎರಡು ಮೂಲೆಗಳು ಒಂದೇ ಸಲಕ್ಕೆ ಸವೆಯುತ್ತವೆ.

ನಮ್ಮ ಚಲಾವಣೆಯಲ್ಲಿರುವ ನಾಣ್ಯಗಳಲ್ಲಿ 1 ಮತ್ತು 2 ರೂಪಾಯಿಯ ಉಕ್ಕಿನ ನಾಣ್ಯಗಳು ತೆಳುವಾದವು. ಚಿಕ್ಕ ಬ್ಯಾಟರಿ ಮುಚ್ಚಳಗಳಿಗೆ ಇವುಗಳಿಂದಲೇ ಆರಂಭಿಸಬೇಕು. 2019ರ ಸರಣಿಯಲ್ಲಿ 1 ರೂಪಾಯಿಯ ವ್ಯಾಸ 20 ಮಿ.ಮೀ., 2 ರೂಪಾಯಿಯದು 23 ಮಿ.ಮೀ. ಇದೆ. ಹಿತ್ತಾಳೆ ಬಣ್ಣದ 5 ರೂಪಾಯಿ ಮತ್ತು ಎರಡು ಲೋಹಗಳ 10 ರೂಪಾಯಿ ಅವಕ್ಕಿಂತ ದಪ್ಪ. ಅಂಗಡಿಗಳಲ್ಲಿ ತೆಗೆದುಕೊಳ್ಳಲು ಹಿಂದೆ ಮುಂದೆ ನೋಡುತ್ತಾರೆಂದು ಮೂಲೆಗೆ ಎಸೆದ 10 ರೂಪಾಯಿ ನಾಣ್ಯ ಮನೆಯಲ್ಲಿದ್ದರೆ ಅದಕ್ಕೆ ಇಲ್ಲಿ ಒಳ್ಳೆಯ ಕೆಲಸವಿದೆ. (ಆ ನಾಣ್ಯದ ಎಲ್ಲ ವಿನ್ಯಾಸಗಳೂ ಚಲಾವಣೆಗೆ ಅರ್ಹ ಎಂದು ರಿಸರ್ವ್ ಬ್ಯಾಂಕ್ ಮತ್ತೆ ಮತ್ತೆ ಹೇಳಿದೆ, ಅದು ಬೇರೆ ಮಾತು.) ಇವೆಲ್ಲಕ್ಕಿಂತ ದಪ್ಪವಾದದ್ದು 9 ಗ್ರಾಂ ತೂಗುವ ಹಳೆಯ ಬೆಳ್ಳಿ ಬಣ್ಣದ 5 ರೂಪಾಯಿ. ಉಳಿದ ಯಾವ ನಾಣ್ಯವೂ ಬಿಗಿಯಾಗಿ ಕೂರದ ಅಗಲ ಸೀಳುಗಳಿಗೆ ಅದು ಹೊಂದುತ್ತದೆ.

ಸೀಳಿನ ತಳದ ಆಕಾರವನ್ನೂ ನೋಡಬೇಕು. ನಾಣ್ಯಕ್ಕೆಂದೇ ಮಾಡಿದ ಸೀಳಿನ ತಳ ಸಾಮಾನ್ಯವಾಗಿ ಬಾಣಲೆಯಂತೆ ಬಾಗಿರುತ್ತದೆ, ಅದರಲ್ಲಿ ದುಂಡು ನಾಣ್ಯ ಪೂರ್ತಿ ಕೂರುತ್ತದೆ. ತಳ ಚಪ್ಪಟೆಯಾಗಿದ್ದರೆ ದುಂಡು ನಾಣ್ಯದ ಹೊಟ್ಟೆ ಮಾತ್ರ ತಳ ಮುಟ್ಟಿ ಎರಡೂ ತುದಿಗಳಲ್ಲಿ ಸಂದು ಉಳಿಯುತ್ತದೆ. ಅಂತಹ ಕಡೆ 20 ರೂಪಾಯಿ ನಾಣ್ಯವನ್ನು ಪ್ರಯತ್ನಿಸಿ. ಅದಕ್ಕೆ 12 ಬದಿಗಳಿವೆ, ಒಂದೊಂದು ಬದಿಯೂ ಸುಮಾರು 7 ಮಿ.ಮೀ. ಉದ್ದದ ನೇರ ಅಂಚು. ಸೀಳಿನ ಉದ್ದ ಅದಕ್ಕೆ ಹೊಂದಿದರೆ ಅಗಲ ಬಾಯಿಯ ಸ್ಕ್ರೂ ಡ್ರೈವರಿನಂತೆಯೇ ಕೂರುತ್ತದೆ.

ಸಾಮಾನ್ಯ ತಪ್ಪು: ದಪ್ಪ ಹೆಚ್ಚಾಯಿತೆಂದು ನಾಣ್ಯದ ಅಂಚನ್ನು ಅರದಿಂದ ಉಜ್ಜಿ ತೆಳುವಾಗಿಸುವುದು. ನಾಣ್ಯವನ್ನು ಕರಗಿಸುವುದು ಮತ್ತು ನಾಶಪಡಿಸುವುದು 2011ರ ನಾಣ್ಯ ಕಾಯ್ದೆಯಡಿ ಅಪರಾಧ. ಉಜ್ಜಲೇಬೇಕಿದ್ದರೆ ವಾಷರನ್ನು ಉಜ್ಜಿ.

ಹಂತ 3: ಸೀಳನ್ನು ಸ್ವಚ್ಛಗೊಳಿಸಿ

ಸೀಳಿನಲ್ಲಿ ಧೂಳು, ಎಣ್ಣೆ ಜಿಡ್ಡು, ಅಡುಗೆಮನೆಯ ವಸ್ತುವಾದರೆ ಹಿಟ್ಟು ಕೂಡ ಗಟ್ಟಿಯಾಗಿ ಕುಳಿತಿರುತ್ತದೆ. ಅದರ ಮೇಲೆ ಇಟ್ಟ ನಾಣ್ಯ ಸೀಳಿನ ಅರ್ಧ ಆಳಕ್ಕೆ ಮಾತ್ರ ಇಳಿಯುತ್ತದೆ. ಗುಂಡುಸೂಜಿಯಿಂದ ತಳವನ್ನು ಕೆರೆದು, ಬ್ರಷ್‌ನಿಂದ ಉಜ್ಜಿ, ಆಮೇಲೆ ನಾಣ್ಯ ಎಷ್ಟು ಇಳಿಯುತ್ತದೆ ಎಂದು ನೋಡಿ.

ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ನೀರು ಸೋಕುವ ಸ್ಕ್ರೂಗಳ ಮೇಲೆ ಬಿಳಿಯ ಪದರ ಕಟ್ಟಿರುತ್ತದೆ. ಕಮೋಡ್ ಸೀಟಿನ ಹಿಂಭಾಗದ ಪ್ಲಾಸ್ಟಿಕ್ ಬೋಲ್ಟು ಇದಕ್ಕೆ ಒಳ್ಳೆಯ ಉದಾಹರಣೆ: ಮುಚ್ಚಳ ಎತ್ತಿದರೆ ನಾಣ್ಯದ ಸೀಳು ಕಾಣಬೇಕಾದ ಜಾಗದಲ್ಲಿ ಸುಣ್ಣದ ಗಡ್ಡೆ ಕಾಣುತ್ತದೆ. ಇದನ್ನು ಕೆರೆಯಲು ಹೋಗಬೇಡಿ. ವಿನೆಗರಿನಲ್ಲಿ ಅದ್ದಿದ ಬಟ್ಟೆಯ ತುಂಡನ್ನು ಅದರ ಮೇಲೆ ಅರ್ಧ ಗಂಟೆ ಇಟ್ಟರೆ ಪದರ ಮೆದುವಾಗಿ ಬ್ರಷ್‌ಗೆ ಬಿಡುತ್ತದೆ. ನಿಂಬೆರಸವೂ ಆಗುತ್ತದೆ, ಸ್ವಲ್ಪ ಹೆಚ್ಚು ಹೊತ್ತು ಬೇಕು. ಬ್ಲೀಚ್ ಇರುವ ಶೌಚಾಲಯದ ದ್ರಾವಣವನ್ನು ಆಗಲೇ ಸುರಿದಿದ್ದರೆ ಚೆನ್ನಾಗಿ ತೊಳೆದ ಮೇಲಷ್ಟೇ ವಿನೆಗರ್ ಬಳಸಬೇಕು, ಏಕೆಂದರೆ ಎರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಹಂತ 4: ಬಿಚ್ಚುವುದು

ವಸ್ತುವನ್ನು ಕೈಯಲ್ಲಿ ಎತ್ತಿ ಹಿಡಿದು ಬಿಚ್ಚಬೇಡಿ. ಮೇಜಿನ ಮೇಲೆ ಮಡಿಸಿದ ಬಟ್ಟೆ ಹಾಸಿ ಅದರ ಮೇಲಿಡಿ. ನಾಣ್ಯ ಸ್ಕ್ರೂವಿಗೆ ನೇರವಾಗಿ ನಿಂತಿರಲಿ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅದರ ಎರಡು ಮುಖಗಳನ್ನು ಹಿಡಿದು, ಮೊದಲು ಕೆಳಮುಖವಾಗಿ ಒತ್ತಿ, ಒತ್ತಡ ಬಿಡದೆ ತಿರುಗಿಸಬೇಕು. ತಿರುಗಿಸುವ ಬಲಕ್ಕಿಂತ ಒತ್ತುವ ಬಲ ಹೆಚ್ಚಿರಬೇಕು ಎಂಬುದನ್ನು ನೆನಪಿಟ್ಟರೆ ನಾಣ್ಯ ಜಾರುವುದು ಬಹುಮಟ್ಟಿಗೆ ನಿಲ್ಲುತ್ತದೆ.

ದಿಕ್ಕಿನ ಬಗ್ಗೆ ಗೊಂದಲ ಬೇಡ. ಪ್ರದಕ್ಷಿಣೆಯ ದಿಕ್ಕಿನಲ್ಲಿ ಬಿಗಿ, ಅಪ್ರದಕ್ಷಿಣೆಯಲ್ಲಿ ಸಡಿಲ. ಆದರೆ ತಲೆಕೆಳಗಾಗಿ ಹಿಡಿದ ವಸ್ತುವಿನಲ್ಲಿ ಅಥವಾ ಬಗ್ಗಿ ಕೆಳಗಿನಿಂದ ಕೈ ಹಾಕುವಾಗ ಇದು ತಪ್ಪಿಹೋಗುತ್ತದೆ. ಯಾವಾಗಲೂ ಸ್ಕ್ರೂವಿನ ತಲೆಯನ್ನು ಎದುರಿನಿಂದ ನೋಡುತ್ತಿರುವಂತೆ ಕಲ್ಪಿಸಿಕೊಂಡು ದಿಕ್ಕು ನಿರ್ಧರಿಸಬೇಕು.

ಎಚ್ಚರಿಕೆಯ ಸೂಚನೆಗಳು ಇಲ್ಲಿಯೇ ಕಾಣತೊಡಗುತ್ತವೆ. ನಾಣ್ಯ ಸೀಳಿನಿಂದ ಮೇಲಕ್ಕೆ ಏರುತ್ತಿದ್ದರೆ ಒಂದೋ ನಾಣ್ಯ ತೆಳುವಾಗಿದೆ, ಇಲ್ಲವೇ ಒತ್ತಡ ಸಾಲದು. ಸೀಳಿನ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಬಿಳಿ ಪುಡಿ ಅಥವಾ ಲೋಹದ ಹೊಳೆಯುವ ಎಳೆ ಕಂಡರೆ ಆ ಕ್ಷಣವೇ ನಿಲ್ಲಿಸಿ ಎರಡನೆಯ ಹಂತಕ್ಕೆ ಮರಳಬೇಕು. ಸ್ಕ್ರೂ ಸುತ್ತುತ್ತಲೇ ಇದ್ದು ಮೇಲೇಳದಿದ್ದರೆ, ಅದು ಮುಚ್ಚಳಕ್ಕೆ ಸಿಕ್ಕಿಸಿದ ಬಗೆಯೂ ಅಲ್ಲವಾದರೆ, ಒಳಗೆ ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಹಿತ್ತಾಳೆಯ ಬುಷ್ (ಸ್ಕ್ರೂ ಹಿಡಿಯುವ ಸಣ್ಣ ಕೊಳವೆ) ಕಿತ್ತು ಸ್ಕ್ರೂವಿನೊಂದಿಗೇ ಸುತ್ತುತ್ತಿದೆ ಎಂದು ಅರ್ಥ. ಆಗ ಮುಚ್ಚಳದ ಅಂಚನ್ನು ಉಗುರಿನಿಂದ ಮೆಲ್ಲಗೆ ಮೇಲಕ್ಕೆಳೆದು ಹಿಡಿದುಕೊಂಡೇ ತಿರುಗಿಸಿದರೆ ಹೆಚ್ಚಾಗಿ ಹೊರಬರುತ್ತದೆ.

ಹಂತ 5: ಅಲುಗದಿದ್ದರೆ

ನಾಣ್ಯದಿಂದ ಸ್ಕ್ರೂವಿಗೆ ಸಿಗುವ ಬಲ ಕಡಿಮೆ. ಸ್ಕ್ರೂ ಡ್ರೈವರಿನ ದಪ್ಪ ಹಿಡಿಕೆಯನ್ನು ಇಡೀ ಅಂಗೈಯಿಂದ ಹಿಡಿದು ತಿರುಗಿಸಬಹುದು, ನಾಣ್ಯಕ್ಕೆ ಎರಡು ಬೆರಳುಗಳ ಹಿಡಿತ ಮಾತ್ರ. ಈ ಕೊರತೆ ಒಂದು ರೀತಿಯಲ್ಲಿ ಒಳ್ಳೆಯದೇ. ಪ್ಲಾಸ್ಟಿಕ್ಕಿನಲ್ಲಿ ಕೊರೆದ ಥ್ರೆಡ್‌ಗೆ ಹೆಚ್ಚಿನ ಬಲ ಬೀಳಬಾರದು. ಆದ್ದರಿಂದ ಬೆರಳಿಗೆ ನೋವಾಗುವಷ್ಟು ಒತ್ತಿದರೂ ಅಲುಗದ ಸ್ಕ್ರೂವಿಗೆ ಮೊದಲು ಬೇಕಾದದ್ದು ಅಂಟನ್ನು ಬಿಡಿಸುವ ಉಪಾಯ.

ಮೊದಲಿಗೆ ಸಡಿಲಿಸುವ ಬದಲು ಒಂದು ಕೂದಲೆಳೆಯಷ್ಟು ಬಿಗಿಸಿ ನೋಡಿ. ಅಂಟು ಬಿಡುವ ಸಣ್ಣ ಸದ್ದು ಕೇಳಿದರೆ ತಕ್ಷಣ ಹಿಂದಕ್ಕೆ ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ, ಲೋಹದ ಸ್ಕ್ರೂ ಲೋಹದಲ್ಲಿ ಕುಳಿತಿದ್ದಾಗ ಮಾತ್ರ, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಅಥವಾ ಡಬ್ಲ್ಯೂಡಿ-40 (ಬಿಗಿದ ಸ್ಕ್ರೂ ಸಡಿಲಿಸುವ ದ್ರವ) ಬಿಟ್ಟು ಕಾಯಬೇಕು. ಪ್ಲಾಸ್ಟಿಕ್ಕಿಗೆ ಇದು ಬೇಡ, ಕೆಲವು ಪ್ಲಾಸ್ಟಿಕ್ಕುಗಳು ಇಂತಹ ದ್ರವಗಳಿಂದ ಬಿರುಕು ಬಿಡುತ್ತವೆ. ಪ್ಲಾಸ್ಟಿಕ್ ಭಾಗ ವಿದ್ಯುತ್ತಿಗೂ ಬ್ಯಾಟರಿಗೂ ಸಂಬಂಧಿಸದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬಹುದು.

ಕೊನೆಯ ಉಪಾಯ ವಾಷರ್. ಸೀಳಿಗೆ ಹೊಂದುವ ದಪ್ಪದ ವಾಷರನ್ನು ಕಟಿಂಗ್ ಪ್ಲೇಯರಿನಲ್ಲಿ ಅಡ್ಡಲಾಗಿ ಹಿಡಿದರೆ ಉದ್ದನೆಯ ಹಿಡಿಕೆ ಸಿಕ್ಕಂತಾಗುತ್ತದೆ. ಇಲ್ಲಿ ಬಲ ಬಹಳ ಹೆಚ್ಚಾಗುವುದರಿಂದ ಬೆರಳ ತುದಿಯಿಂದ ಮಾತ್ರ ತಿರುಗಿಸಬೇಕು, ಮೊದಲ ಅಲುಗಾಟ ಕಂಡ ಕೂಡಲೇ ಪ್ಲೇಯರ್ ಬದಿಗಿಟ್ಟು ನಾಣ್ಯಕ್ಕೆ ಮರಳಬೇಕು.

ಹಂತ 6: ಮರಳಿ ಬಿಗಿಯುವುದು

ಸ್ಕ್ರೂವನ್ನು ರಂಧ್ರದಲ್ಲಿಟ್ಟು ಮೊದಲು ಹಿಂದಕ್ಕೆ, ಅಂದರೆ ಸಡಿಲಿಸುವ ದಿಕ್ಕಿಗೆ, ಬೆರಳಿನಿಂದ ತಿರುಗಿಸಿ. ಒಂದು ಕಡೆ ಅದು ಸಣ್ಣಗೆ ‘ಟಕ್’ ಎಂದು ಕೆಳಗಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಹಳೆಯ ಥ್ರೆಡ್‌ನ ಹಾದಿಯಲ್ಲೇ ಹೋಗುತ್ತದೆ. ಹೀಗೆ ಮಾಡದೆ ನೇರ ಬಿಗಿದರೆ ಪ್ಲಾಸ್ಟಿಕ್ಕಿನಲ್ಲಿ ಅಡ್ಡ ಥ್ರೆಡ್ ಕೊರೆದು, ನಾಲ್ಕೈದು ಸಲದಲ್ಲಿ ರಂಧ್ರವೇ ಬೋಳಾಗುತ್ತದೆ.

ಬೆರಳಿನಿಂದ ಹೋಗುವಷ್ಟು ಹೋದ ಮೇಲೆ ನಾಣ್ಯದಿಂದ ಕಾಲು ಸುತ್ತು ಸಾಕು. ರಬ್ಬರ್ ಉಂಗುರ ಇರುವ ಮುಚ್ಚಳವಾದರೆ ಉಂಗುರವನ್ನು ಒರೆಸಿ ಅದರ ತೋಡಿನಲ್ಲೇ ಕೂರಿಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಬೇಕು. ಪೆಟ್ರೋಲಿಯಂ ಜೆಲ್ಲಿ ಬೇಡ, ನೀರಿನ ಉಪಕರಣಗಳಲ್ಲಿ ಬಳಸುವ ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬಿ ತೋಡಿನಿಂದ ಹೊರಬರುತ್ತದೆ.

ಬಳಕೆ: ಬ್ಯಾಟರಿ ಗೂಡು

ಆಟಿಕೆ, ಸಣ್ಣ ರಿಮೋಟು, ರೇಷ್ಮೆ ಹುಳು ಸಾಕುವ ಮನೆಯಲ್ಲಿ ತೂಗುಹಾಕಿದ ಉಷ್ಣತೆ-ತೇವಾಂಶದ ಮಾಪಕ ಇಂತಹವುಗಳಲ್ಲಿ ಮುಚ್ಚಳಕ್ಕೆ ಸ್ಕ್ರೂ ಹಾಕಿರುವುದುಂಟು. ಬಟನ್ ಸೆಲ್ (ಗುಂಡಿಯಂತಹ ಚಪ್ಪಟೆ ಬ್ಯಾಟರಿ) ಇರುವ ಕಡೆ ಆ ಸ್ಕ್ರೂವಿಗೆ ಮುಖ್ಯ ಕಾರಣ ಮಕ್ಕಳು. ಸಿಆರ್2032 ಸೆಲ್ಲಿನ ವ್ಯಾಸ 20 ಮಿ.ಮೀ., ಹೊಸ 1 ರೂಪಾಯಿಯಷ್ಟೇ. ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೇ ತೀವ್ರವಾಗಿ ಸುಡಬಲ್ಲದು. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ಮಗು ಇಲ್ಲದ ಕೋಣೆಯಲ್ಲಿ ಕುಳಿತು, ಹೊಸ ಸೆಲ್ಲನ್ನು ಪೊಟ್ಟಣದಿಂದ ತೆಗೆಯುವ ಮೊದಲೇ ಮುಚ್ಚಳ ಬಿಚ್ಚಿ, ಹಳೆಯದನ್ನು ತೆಗೆದ ಕೂಡಲೇ ಅಂಟುಪಟ್ಟಿ ಸುತ್ತಿ ಎತ್ತಿಡಬೇಕು. ಖಾಲಿಯಾದ ಸೆಲ್ಲಿನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಸ್ಕ್ರೂ ಕಳೆದುಹೋಯಿತೆಂದು ಮುಚ್ಚಳಕ್ಕೆ ಸೆಲ್ಲೋಟೇಪ್ ಹಚ್ಚಿ ಆಟಿಕೆಯನ್ನು ಮಗುವಿಗೆ ಕೊಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಗೂಡಿನಲ್ಲಿ ಬಿಳಿಯ ಹುಡಿ ಕಂಡರೆ ಅದು ಆಲ್ಕಲೈನ್ ಸೆಲ್ ಸೋರಿದ ಗುರುತು. ಬರಿಗೈಯಲ್ಲಿ ಮುಟ್ಟದೆ, ವಿನೆಗರ್ ತಾಗಿಸಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ.

ಬಳಕೆ: ವಾಷಿಂಗ್ ಮೆಷಿನ್ನಿನ ಫಿಲ್ಟರ್

ಮುಂಬಾಗಿಲಿನ ಹಲವು ಮೆಷಿನ್ನುಗಳ ಕೆಳಮೂಲೆಯಲ್ಲಿ ನಾಣ್ಯದಿಂದ ತೆರೆಯುವ ಪುಟ್ಟ ಬಾಗಿಲಿದೆ, ಅದರ ಹಿಂದೆ ನೀರು ಹೊರಹಾಕುವ ಪಂಪಿನ ಫಿಲ್ಟರ್ ಇರುತ್ತದೆ. ಇಲ್ಲಿ ಕ್ರಮ ತಪ್ಪಿದರೆ ಮನೆಯೆಲ್ಲ ನೀರಾಗುತ್ತದೆ.

ಮೊದಲು ಪ್ಲಗ್ ತೆಗೆದು ನಲ್ಲಿ ನಿಲ್ಲಿಸಿ. ಬಿಸಿನೀರಿನಲ್ಲಿ ಒಗೆದಿದ್ದರೆ ತಣ್ಣಗಾಗಲು ಬಿಡಿ. ನಾಣ್ಯದಿಂದ ಬಾಗಿಲನ್ನು ತೆರೆದು ಕೆಳಗೆ ಅಗಲವಾದ ತಟ್ಟೆ, ಅದರ ಸುತ್ತ ಹಳೆಯ ಟವೆಲ್ ಇಡಿ. ಪಕ್ಕದಲ್ಲಿ ಸಣ್ಣ ರಬ್ಬರ್ ಕೊಳವೆ ಇದ್ದರೆ ಅದರ ಬಿರಡೆ ತೆಗೆದು ನೀರನ್ನು ತಟ್ಟೆಗೆ ಇಳಿಸಿ, ತುಂಬಿದಾಗಲೆಲ್ಲ ಬಿರಡೆ ಹಾಕಿ ತಟ್ಟೆ ಖಾಲಿ ಮಾಡಿ. ನೀರು ನಿಂತ ಮೇಲೆ ಮಾತ್ರ ಫಿಲ್ಟರನ್ನು ಅಪ್ರದಕ್ಷಿಣೆಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಒಳಗಿನಿಂದ ಗುಂಡಿ, ಹೇರ್‌ಪಿನ್ನು, ಜೇಬಿನಲ್ಲಿ ಮರೆತ ನಾಣ್ಯಗಳು ಹೊರಬರುತ್ತವೆ. ಫಿಲ್ಟರ್ ಇದ್ದ ಗೂಡಿನೊಳಗೆ ಟಾರ್ಚ್ ಬಿಟ್ಟು ನೋಡಿ, ಪಂಪಿನ ರೆಕ್ಕೆಗೆ ದಾರ ಸುತ್ತಿದ್ದರೆ ಬಿಡಿಸಿ. ಮರಳಿ ಹಾಕಿದ ಬಳಿಕ ಬಟ್ಟೆಯಿಲ್ಲದೆ ಒಮ್ಮೆ ನೀರು ತುಂಬಿಸಿ, ಹನಿ ಬೀಳುತ್ತಿಲ್ಲವೆಂದು ಖಚಿತಪಡಿಸಿಕೊಂಡು ಬಾಗಿಲು ಹಾಕಬೇಕು.

ಬಳಕೆ: ಹೊಲಿಗೆ ಯಂತ್ರ

ಮನೆಬಳಕೆಯ ವಿದ್ಯುತ್ ಹೊಲಿಗೆ ಯಂತ್ರಗಳಲ್ಲಿ ಬಟ್ಟೆ ಒತ್ತುವ ಪಾದದ ಸ್ಕ್ರೂ ಮತ್ತು ಸೂಜಿ ತಟ್ಟೆಯ ಸ್ಕ್ರೂಗಳಿಗೆ ಅಗಲ ಸೀಳಿರುತ್ತದೆ. ಕೆಲವು ಕಂಪನಿಗಳು ಇದಕ್ಕಾಗಿಯೇ ಬಿಲ್ಲೆಯಂತಹ ಚಪ್ಪಟೆ ಸ್ಕ್ರೂ ಡ್ರೈವರ್ ಕೊಡುತ್ತವೆ. ಅದು ಕಳೆದಿದ್ದರೆ ತೆಳು ನಾಣ್ಯ ನಡೆಯುತ್ತದೆ. ಪ್ಲಗ್ ತೆಗೆದು, ಸೂಜಿಯನ್ನು ಮೇಲಕ್ಕೆತ್ತಿ, ಸೂಜಿ ಮತ್ತು ಪಾದ ಎರಡನ್ನೂ ಕಳಚಿದ ಮೇಲೆಯೇ ತಟ್ಟೆಯ ಸ್ಕ್ರೂಗೆ ಕೈ ಹಾಕಬೇಕು. ಸ್ಕ್ರೂ ಸಡಿಲವಾದ ಮೇಲೆ ಬೆರಳಿನಿಂದ ಎತ್ತಿ, ಇಲ್ಲವಾದರೆ ಅದು ಬಾಬಿನ್ ಗೂಡಿಗೆ ಬೀಳುತ್ತದೆ. ಪಾದದ ಸ್ಕ್ರೂ ಮಾತ್ರ ನಡುಗಾಟಕ್ಕೆ ಸಡಿಲವಾಗುವ ಸ್ವಭಾವದ್ದು. ಅದನ್ನು ಬೆರಳಿನಿಂದಷ್ಟೇ ಬಿಗಿದು ಬಿಟ್ಟರೆ ಹೊಲಿಯುವಾಗ ಪಾದ ಜಾರಿ ಸೂಜಿ ಅದರ ಮೇಲೆ ಬಡಿದು ಮುರಿಯುತ್ತದೆ. ಹಳೆಯ ಕಾಲ್ತುಳಿತದ ಯಂತ್ರಗಳ ಸೀಳು ಕಿರಿದಾದದ್ದು, ಅಲ್ಲಿ ಸ್ಕ್ರೂ ಡ್ರೈವರೇ ಬೇಕು.

ಬಳಕೆ: ಕ್ಯಾಮೆರಾ ಪ್ಲೇಟು

ಟ್ರೈಪಾಡ್ ಪ್ಲೇಟಿನ ಸ್ಕ್ರೂ ಸಾಮಾನ್ಯವಾಗಿ ಕಾಲು ಇಂಚಿನದು, ಇಂಚಿಗೆ 20 ಥ್ರೆಡ್. ಹಾರ್ಡ್‌ವೇರ್ ಅಂಗಡಿಯ ಎಂ6 (6 ಮಿ.ಮೀ.) ಬೋಲ್ಟು ನೋಡಲು ಹಾಗೆಯೇ ಇದ್ದರೂ ಥ್ರೆಡ್ ಬೇರೆ, ಅದನ್ನು ತುರುಕಿದರೆ ಕ್ಯಾಮೆರಾದ ತಳ ಹಾಳಾಗುತ್ತದೆ. ಪ್ಲೇಟಿನ ಬಾಣ ಲೆನ್ಸಿನ ಕಡೆ ಇರುವಂತೆ ಇಟ್ಟು, ಬೆರಳಿನಿಂದ ಕೂರಿಸಿ, ನಾಣ್ಯದಿಂದ ಕಾಲು ಸುತ್ತು ಬಿಗಿಯಿರಿ. ಪ್ಲೇಟನ್ನು ಹಿಡಿದು ಕ್ಯಾಮೆರಾವನ್ನು ತಿರುಚಿದಾಗ ಅಲುಗಬಾರದು. ನಂದಿ ಬೆಟ್ಟ ಅಥವಾ ದೇವರಾಯನದುರ್ಗದ ತುದಿಯಲ್ಲಿ ಬೆಳಗಿನ ಗಾಳಿಗೆ ಟ್ರೈಪಾಡ್ ನಡುಗುವಾಗ ಈ ಪರೀಕ್ಷೆಯನ್ನು ಆಗಾಗ ಮಾಡಬೇಕಾಗುತ್ತದೆ.

ಇತರ ಬಳಕೆಗಳು

ಸೀರೆ ಅಂಗಡಿಯ ಬಟ್ಟೆ ಮಾದರಿಗಳ ಪುಸ್ತಕ, ಹೋಟೆಲಿನ ಮೆನು, ಲೆಕ್ಕದ ದಪ್ಪ ಫೈಲುಗಳಲ್ಲಿ ಬೈಂಡಿಂಗ್ ಸ್ಕ್ರೂ ಇರುತ್ತದೆ. ಇದರ ಎರಡು ತಲೆಗಳೂ ಸೀಳಿನವಾಗಿದ್ದರೆ ಎರಡು ನಾಣ್ಯ ಬೇಕು: ಒಂದು ಕೆಳಗಿನ ತಲೆಯನ್ನು ಹಿಡಿದು ನಿಲ್ಲಿಸಲು, ಇನ್ನೊಂದು ಮೇಲಿನದನ್ನು ತಿರುಗಿಸಲು.

ಹಲವು 100 ಸಿಸಿ ಬೈಕುಗಳ ಎಂಜಿನ್ನಿನ ಎಡ ಕವಚದಲ್ಲಿ ಎರಡು ದೊಡ್ಡ ಸೀಳಿನ ಮುಚ್ಚಳಗಳಿವೆ. ಟ್ಯಾಪೆಟ್ (ಎಂಜಿನ್ನಿನ ಕವಾಟದ ಸಂದು) ಹೊಂದಿಸುವಾಗ ಗುರುತು ನೋಡಲು ಒಂದು, ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ತಿರುಗಿಸಲು ಇನ್ನೊಂದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ತೆರೆಯಬೇಕು, ಮುಚ್ಚುವಾಗ ರಬ್ಬರ್ ಉಂಗುರ ಮರೆಯಬಾರದು.

ನಾಣ್ಯ ಹಾಕಬಾರದ ಸ್ಕ್ರೂಗಳು

ಸೀಸದ ಮುದ್ರೆ ಅಥವಾ ತಂತಿ ಕಟ್ಟಿದ ಯಾವ ಸ್ಕ್ರೂವನ್ನೂ ಮುಟ್ಟಬೇಡಿ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ತೂಗುವಂತಹ ಎಲೆಕ್ಟ್ರಾನಿಕ್ ತಕ್ಕಡಿಗಳಲ್ಲಿ ಬ್ಯಾಟರಿಯ ಮುಚ್ಚಳ ಬೇರೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದ ಭಾಗ ಬೇರೆ. ಎರಡನೆಯದನ್ನು ಬಿಚ್ಚಿದರೆ ತಕ್ಕಡಿ ಕಾನೂನಿನ ಪ್ರಕಾರ ತೂಗಲು ಯೋಗ್ಯವಾಗಿ ಉಳಿಯುವುದಿಲ್ಲ. ಬೆಸ್ಕಾಂ ಮೀಟರಿನ ಮುದ್ರೆಗೂ ಇದೇ ಮಾತು. ಸ್ವಿಚ್ ಬೋರ್ಡು, ಯುಪಿಎಸ್, ಪಂಪ್ ಸ್ಟಾರ್ಟರುಗಳ ಸ್ಕ್ರೂವಿಗೆ ನಾಣ್ಯ ಕೂತರೂ ಬಳಸಬಾರದು. ನಾಣ್ಯಕ್ಕೆ ಹಿಡಿಕೆಯಿಲ್ಲ, ವಿದ್ಯುತ್ ಹರಿದರೆ ನೇರ ಬೆರಳಿಗೇ ಬರುತ್ತದೆ.

ನೀವೇ ಅಳವಡಿಸುವಾಗ

ತಿಂಗಳಿಗೊಮ್ಮೆ ತೆರೆಯಬೇಕಾದ ಮುಚ್ಚಳಕ್ಕೆ ಸಣ್ಣ ಸ್ಟಾರ್ ಸ್ಕ್ರೂ ಇದ್ದರೆ ಅದನ್ನು ತೆಗೆದು ಅಗಲ ಸೀಳಿನದನ್ನು ಹಾಕಿಕೊಳ್ಳಬಹುದು. ತುಮಕೂರಿನ ಮಂಡಿಪೇಟೆಯಂತಹ ಕಡೆ ಹಾರ್ಡ್‌ವೇರ್ ಅಂಗಡಿಗೆ ಹೋಗುವಾಗ ಹಳೆಯ ಸ್ಕ್ರೂವನ್ನೂ ಒಂದು ನಾಣ್ಯವನ್ನೂ ಜೊತೆಗೆ ಒಯ್ಯಿರಿ. ದಪ್ಪ ತಲೆಯ ಮೈನಸ್ ಸ್ಕ್ರೂ ಎಂದು ಕೇಳಿ, ಥ್ರೆಡ್ ಮತ್ತು ಉದ್ದ ಹಳೆಯದಕ್ಕೆ ಸಮನಾಗಿದೆಯೇ ಎಂದು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ಸೀಳಿಗೆ ನಾಣ್ಯವನ್ನು ಅಲ್ಲಿಯೇ ಇಟ್ಟು ಪರೀಕ್ಷಿಸಿ. ಉದ್ದ ಹೆಚ್ಚಾದರೆ ಒಳಗಿನ ತಂತಿಗೋ ಬ್ಯಾಟರಿಗೋ ಚುಚ್ಚುತ್ತದೆ, ಕಡಿಮೆಯಾದರೆ ಎರಡು ಮೂರು ಥ್ರೆಡ್ ಮಾತ್ರ ಹಿಡಿದು ಬೇಗ ಕಿತ್ತುಬರುತ್ತದೆ. ಚಿಕ್ಕ ಮಕ್ಕಳ ಕೈಗೆ ಸಿಗುವ ವಸ್ತುವಿನಲ್ಲಿ ಮಾತ್ರ ಈ ಬದಲಾವಣೆ ಮಾಡಬಾರದು, ಅಲ್ಲಿ ಸ್ಟಾರ್ ಸ್ಕ್ರೂವೇ ಇರಲಿ.